ಪ್ರಶಸ್ತಿ ಪಡೆದ ವಿದ್ಯೆ, ಕುಸಿಯುವ ಗುಡ್ಡ

2025ರ ಜೂನ್ 6ರಂದು ಪ್ರಧಾನಿ ನರೇಂದ್ರ ಮೋದಿ ಅವರು ಜಮ್ಮು–ಕಾಶ್ಮೀರದ ರಿಯಾಸಿ ಜಿಲ್ಲೆಯಲ್ಲಿ ಚೆನಾಬ್ ನದಿಯ ಮೇಲಿನ ರೈಲ್ವೆ ಸೇತುವೆಯನ್ನು ಉದ್ಘಾಟಿಸಿದರು. ನದಿಪಾತ್ರದಿಂದ 359 ಮೀಟರ್ ಎತ್ತರದಲ್ಲಿ ನಿಂತಿರುವ ಈ ಉಕ್ಕಿನ ಕಮಾನಿನ ಜೊತೆಜೊತೆಗೇ ಸುದ್ದಿಯಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮಾಧವಿ ಲತಾ ಅವರ ಹೆಸರು. ಸುಮಾರು 17 ವರ್ಷಗಳ ಕಾಲ ಅವರು ಈ ಯೋಜನೆಗೆ ಭೂತಾಂತ್ರಿಕ ಸಲಹೆಗಾರರಾಗಿದ್ದರು. ದೇಶದ ಪತ್ರಿಕೆಗಳು, ವಾಹಿನಿಗಳು ಅವರನ್ನು ಸೇತುವೆಯ ಹಿಂದಿನ ಶಕ್ತಿ ಎಂದು ಬಣ್ಣಿಸಿದವು. ಅವರಾದರೋ, ಈ ಸೇತುವೆಗಾಗಿ ಮೆಚ್ಚುಗೆಗೆ ಅರ್ಹರಾದ ಸಾವಿರಾರು ಮಂದಿಯಲ್ಲಿ ತಾವೂ ಒಬ್ಬರು, ತಮ್ಮನ್ನು ಅನಗತ್ಯವಾಗಿ ಪ್ರಸಿದ್ಧಗೊಳಿಸಬೇಡಿ ಎಂದು ಬಹಿರಂಗವಾಗಿ ವಿನಂತಿಸಿಕೊಂಡರು. ಇಳಿಜಾರುಗಳನ್ನು ಭದ್ರಪಡಿಸುವ ಹಾಗೂ ಅವುಗಳ ಮೇಲೆ ಅಡಿಪಾಯ ವಿನ್ಯಾಸಗೊಳಿಸುವ ಕೆಲಸಕ್ಕೆ ನೆರವಾಗುವುದಷ್ಟೇ ತಮ್ಮ ಪಾತ್ರವೆಂದು ಸ್ಪಷ್ಟಪಡಿಸಿದರು.

ಈ ವಿನಂತಿಯನ್ನು ವಿನಯದ ಮಾತೆಂದು ಹೊಗಳಿ ಮರೆತುಬಿಡುವುದು ಸುಲಭ. ಆದರೆ ಅದರಲ್ಲಿ ನಮ್ಮ ಸಮಾಜ ಕೇಳಿಸಿಕೊಳ್ಳಬೇಕಾದ ವಿಚಾರವೊಂದಿದೆ. ಸಂಶೋಧಕರನ್ನು ಸನ್ಮಾನಿಸುವ ಉತ್ಸಾಹ ನಮ್ಮಲ್ಲಿದೆ. ಅವರ ಸಂಶೋಧನೆಯನ್ನು ಬಳಸಿಕೊಳ್ಳುವ ವ್ಯವಸ್ಥೆ ಮಾತ್ರ ಇಲ್ಲ. ಮಣ್ಣಿನ ವಿದ್ಯೆಯ ಮಟ್ಟಿಗೆ ಈ ಅಂತರದ ಬೆಲೆಯನ್ನು ಕರ್ನಾಟಕದ ಕರಾವಳಿ ಮತ್ತು ಮಲೆನಾಡು ಪ್ರತಿ ಮಳೆಗಾಲದಲ್ಲೂ ತೆರುತ್ತಿವೆ.

ಮಾಧವಿ ಲತಾ ಅವರು ನಡೆದ ಹಾದಿಯನ್ನೇ ಮೊದಲು ನೋಡಬಹುದು. ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯ ಹಳ್ಳಿಯಿಂದ ಬಂದ ಅವರು 1992ರಲ್ಲಿ ಕಾಕಿನಾಡದಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಬಳಿಕ ಈಗ ಎನ್‌ಐಟಿ ಎಂದು ಕರೆಯುವ ವಾರಂಗಲ್‌ನ ಕಾಲೇಜಿನಲ್ಲಿ ಭೂತಾಂತ್ರಿಕ ವಿಷಯದಲ್ಲಿ ಚಿನ್ನದ ಪದಕದೊಂದಿಗೆ ಎಂ.ಟೆಕ್. ಮುಗಿಸಿದರು. ಮದ್ರಾಸ್ ಐಐಟಿಯಿಂದ ಡಾಕ್ಟರೇಟ್ ಬಂದದ್ದು 2000ದಲ್ಲಿ. ಮೆತ್ತನೆಯ ನೆಲದ ಮೇಲೆ ರಸ್ತೆ ಅಥವಾ ರೈಲು ಹಳಿಗಾಗಿ ಏರಿ ಕಟ್ಟುವಾಗ ಅದು ಕುಸಿಯದಂತೆ, ಜೇನುಗೂಡಿನಂಥ ಕೋಶಗಳಲ್ಲಿ ಮಣ್ಣು ತುಂಬಿ ಆಧಾರ ಕೊಡುವ ‘ಜಿಯೋಸೆಲ್’ ವಿಧಾನವೇ ಅವರ ಪ್ರಬಂಧದ ವಸ್ತು. ಭಾರತೀಯ ಭೂತಾಂತ್ರಿಕ ಸಂಘವು ಅತ್ಯುತ್ತಮ ಮಹಿಳಾ ಸಂಶೋಧಕಿ ಪ್ರಶಸ್ತಿಯನ್ನು ಅವರಿಗೆ ಕೊಟ್ಟದ್ದು 2021ರಲ್ಲಿ. ಚಿನ್ನದ ಪದಕ, ಡಾಕ್ಟರೇಟ್, ಪ್ರಶಸ್ತಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಈ ಪಟ್ಟಿಯ ಹಿಂದೆ ಮೂರು ದಶಕಗಳ ಪ್ರಯೋಗಾಲಯ, ಲೆಕ್ಕಾಚಾರ ಮತ್ತು ಬೆಟ್ಟದ ಬುಡದ ಓಡಾಟಗಳಿವೆ.

ಭೂತಾಂತ್ರಿಕ ಎಂಜಿನಿಯರಿಂಗ್ ಎಂಬುದು ಸಿವಿಲ್ ಎಂಜಿನಿಯರಿಂಗ್‌ನ ಒಂದು ಕವಲು. ಕಟ್ಟಡ, ಸೇತುವೆ, ಅಣೆಕಟ್ಟು, ಸುರಂಗ ಯಾವುದೇ ಇರಲಿ, ಅದರ ಭಾರವನ್ನು ಕೊನೆಗೆ ಹೊರಬೇಕಾದದ್ದು ನೆಲ. ಉಕ್ಕು, ಸಿಮೆಂಟ್‌ಗಳನ್ನು ಕಾರ್ಖಾನೆಯಲ್ಲಿ ಬೇಕಾದ ಗುಣಮಟ್ಟಕ್ಕೆ ತಯಾರಿಸಿಕೊಳ್ಳಬಹುದು. ನೆಲವನ್ನು ಹಾಗೆ ಆರಿಸಿಕೊಳ್ಳಲಾಗದು. ಅದು ಸಿಕ್ಕಂತೆ ಸಿಗುತ್ತದೆ. ಹತ್ತು ಅಡಿ ಪಕ್ಕಕ್ಕೆ ಸರಿದರೆ ಬೇರೆಯೇ ಆಗಿರುತ್ತದೆ. ಬೇಸಿಗೆಯಲ್ಲಿ ಇದ್ದಂತೆ ಮಳೆಗಾಲದಲ್ಲಿ ಇರುವುದಿಲ್ಲ. ಈ ಅನಿಶ್ಚಯವನ್ನು ಅಳತೆಗೆ ತರುವುದೇ ಈ ಶಾಸ್ತ್ರದ ಕೆಲಸ.

ಅದಕ್ಕೆ ಆಧುನಿಕ ರೂಪ ಕೊಟ್ಟವರು ಕಾರ್ಲ್ ಟೆರ್ಜಾಗಿ. ಮೊದಲ ಮಹಾಯುದ್ಧದ ಕಾಲದಲ್ಲಿ ಮತ್ತು ಅದರ ನಂತರ ಇಸ್ತಾಂಬುಲ್‌ನಲ್ಲಿ ಬೋಧಕರಾಗಿದ್ದ ಅವರು, ಸರಳ ಉಪಕರಣಗಳನ್ನು ತಾವೇ ಜೋಡಿಸಿಕೊಂಡು ವರ್ಷಗಟ್ಟಲೆ ಜೇಡಿಮಣ್ಣಿನ ಮೇಲೆ ಪ್ರಯೋಗ ನಡೆಸಿದರು. ಅದರ ಫಲವಾಗಿ 1925ರಲ್ಲಿ ಬಂದ ಅವರ ಗ್ರಂಥದಿಂದ ಮಣ್ಣಿನ ಯಂತ್ರಶಾಸ್ತ್ರ ಸ್ವತಂತ್ರ ವಿಜ್ಞಾನವಾಯಿತು. ಅವರು ಕಂಡುಕೊಂಡ ಮೂಲತತ್ವ ಸರಳವಾದುದು. ಮಣ್ಣೆಂದರೆ ಕಣಗಳು ಮತ್ತು ಅವುಗಳ ನಡುವಿನ ರಂಧ್ರಗಳಲ್ಲಿರುವ ನೀರು, ಗಾಳಿ. ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಮಣ್ಣಿಗೆ ಬಲ. ರಂಧ್ರಗಳಲ್ಲಿ ನೀರಿನ ಒತ್ತಡ ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಗೋಡೆಯಂತೆ ನಿಂತ ಗುಡ್ಡ ಜುಲೈ ತಿಂಗಳ ಮಳೆಗೆ ಏಕಾಏಕಿ ಜಾರುವುದರ ಹಿಂದಿನ ಕಾರಣ ಇದೇ. ಗುಡ್ಡ ಕುಸಿತವನ್ನು ವಿಧಿಲೀಲೆ ಎನ್ನುವವರು ನೂರು ವರ್ಷಗಳಷ್ಟು ಹಳೆಯ ಈ ತಿಳಿವಳಿಕೆಯನ್ನು ಬದಿಗಿಡುತ್ತಿದ್ದಾರೆ ಎಂದೇ ಅರ್ಥ.

ಚೆನಾಬ್ ಯೋಜನೆಯಲ್ಲಿ ಈ ಶಾಸ್ತ್ರದ ಇನ್ನೊಂದು ಪಾಠ ಎದ್ದು ಕಾಣುತ್ತದೆ. ಅಲ್ಲಿ ಅಡಿಪಾಯಕ್ಕಾಗಿ ಅಗೆಯುತ್ತ ಹೋದಾಗ, ಆರಂಭಿಕ ಸಮೀಕ್ಷೆಯಲ್ಲಿ ತಿಳಿದಿರದಿದ್ದ ಬಿರುಕುಬಿಟ್ಟ ಬಂಡೆಗಳು ಮತ್ತು ಒಳಗಿನ ಪೊಳ್ಳುಗಳು ಎದುರಾದವು. ಕಾಗದದ ಮೇಲಿನ ವಿನ್ಯಾಸಕ್ಕೇ ಪಟ್ಟು ಹಿಡಿಯದೆ, ಕಂಡದ್ದಕ್ಕೆ ತಕ್ಕಂತೆ ವಿನ್ಯಾಸವನ್ನು ತಿದ್ದುತ್ತ ಮುಂದುವರಿಯುವ ಕ್ರಮವನ್ನು ಎಂಜಿನಿಯರುಗಳು ಅನುಸರಿಸಿದರು. ಈ ಅನುಭವವನ್ನು ಮಾಧವಿ ಲತಾ ಅವರು ಭೂತಾಂತ್ರಿಕ ಸಂಘದ ನಿಯತಕಾಲಿಕದಲ್ಲಿ ಬರೆದಿದ್ದಾರೆ. ಅಮೆರಿಕದ ರಾಲ್ಫ್ ಪೆಕ್ 1969ರಲ್ಲಿ ತಮ್ಮ ರಾಂಕಿನ್ ಉಪನ್ಯಾಸದಲ್ಲಿ ವಿವರಿಸಿದ ‘ವೀಕ್ಷಣಾ ವಿಧಾನ’ದ ಸಾರವೂ ಇದೇ: ಮೊದಲು ಸಾಧ್ಯವಾದಷ್ಟು ತಿಳಿದುಕೊಳ್ಳಬೇಕು, ಕೆಡುಕು ಎಷ್ಟಾಗಬಹುದೆಂದು ಮುಂಚೆಯೇ ಅಂದಾಜಿಸಬೇಕು, ಕೆಲಸ ನಡೆಯುತ್ತಿರುವಾಗ ಅಳೆಯುತ್ತಲೇ ಇರಬೇಕು, ಅಳತೆ ಬೇರೆ ಹೇಳಿದರೆ ಏನು ಮಾಡಬೇಕೆಂಬುದು ಮೊದಲೇ ಸಿದ್ಧವಿರಬೇಕು. ಇದಕ್ಕೆ ತಜ್ಞರು ಸ್ಥಳದಲ್ಲಿರಬೇಕು. ಅದಕ್ಕಿಂತ ಮುಖ್ಯವಾಗಿ, ಅವರು ನಿಲ್ಲಿಸಿ ಎಂದಾಗ ಕೆಲಸ ನಿಲ್ಲಿಸುವ ಆಡಳಿತ ಇರಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ಹಿಮಾಲಯದಲ್ಲಿ ಒಂದು ಸೇತುವೆಗೆ ಸಿಕ್ಕ ಈ ಎಚ್ಚರ, ಪಶ್ಚಿಮ ಘಟ್ಟ ಮತ್ತು ಕರಾವಳಿಯ ರಸ್ತೆಗಳಿಗೆ ಸಿಗುತ್ತಿದೆಯೇ? 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಸಾಲುಸಾಲಾಗಿ ಜಾರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಮುಚ್ಚಿಹಾಕಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ರಸ್ತೆಯ ಮೇಲೆ ಬಿದ್ದು ವಾಹನಗಳನ್ನೂ ಮನುಷ್ಯರನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿಯ ಒಡಲಿಂದ ಲಾರಿಯೊಂದನ್ನೂ ಅದರ ಚಾಲಕನ ಶವವನ್ನೂ ಹೊರತೆಗೆಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಅದೇ ತಿಂಗಳ 30ರಂದು ನೆರೆಯ ವಯನಾಡಿನಲ್ಲಿ ಭೂಕುಸಿತಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು.

ಇವೆಲ್ಲವೂ ಒಂದೇ ಬಗೆಯ ಕುಸಿತಗಳಲ್ಲ. ನೈಸರ್ಗಿಕ ಇಳಿಜಾರು ಜಾರುವುದಕ್ಕೂ, ರಸ್ತೆಗಾಗಿ ಬುಡ ಕಡಿದ ಗುಡ್ಡ ಬೀಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಪೂರ್ತಿಯಾಗಿ ತಡೆಯುವುದು ಕಷ್ಟ. ಅಪಾಯದ ಸ್ಥಳಗಳನ್ನು ಗುರುತಿಸಿ ಜನರನ್ನು ದೂರವಿಡಬಹುದು. ಎರಡನೆಯದು ಹಾಗಲ್ಲ. ಅದು ಮನುಷ್ಯ ಕಡಿದದ್ದು. ಎಷ್ಟು ಕೋನದಲ್ಲಿ ಕಡಿಯಬೇಕು, ಎಷ್ಟೆತ್ತರಕ್ಕೊಂದು ಮೆಟ್ಟಿಲು ಬಿಡಬೇಕು, ಒಳಗಿನ ನೀರಿಗೆ ಎಲ್ಲಿ ದಾರಿ ಮಾಡಬೇಕು, ಎಲ್ಲಿ ಬಂಡೆಗೆ ಉಕ್ಕಿನ ಸರಳು ಹೊಡೆದು ಬಿಗಿಯಬೇಕು ಎಂಬುದಕ್ಕೆ ಲೆಕ್ಕವಿದೆ. ಆ ಲೆಕ್ಕ ಹಾಕಬಲ್ಲವರೂ ನಮ್ಮಲ್ಲಿದ್ದಾರೆ.

ಕರಾವಳಿಯವರಿಗೆ ಶೇಡಿ ಮಣ್ಣಿನ ಪರಿಚಯ ಬೇಕಾಗಿಲ್ಲ. ಮೇಲೆ ಗಟ್ಟಿಯಾದ ಮುರಕಲ್ಲು; ಅದರ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣಗಳ ಮೆತ್ತನೆಯ ಶೇಡಿ. ಒಣಗಿದ್ದಾಗ ಅದು ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಕರಗಿ ಹರಿಯುತ್ತದೆ. ಮೇಲಿನ ಮುರಕಲ್ಲನ್ನು ಕಡಿದು ತೆಗೆದು ಶೇಡಿಯನ್ನು ಮಳೆಗೆ ಒಡ್ಡಿದರೆ ಏನಾಗುತ್ತದೆ ಎಂಬುದು ಹಳ್ಳಿಯ ಬಾವಿ ತೋಡುವವನಿಗೂ ಗೊತ್ತು. ಅದನ್ನು ಅಳತೆಗೆ ಒಳಪಡಿಸಿದವರು ಸುರತ್ಕಲ್‌ನ ಎನ್‌ಐಟಿಕೆಯ ಸಂಶೋಧಕರು. ಶೇಡಿ ಮಣ್ಣಿನ ಬಲವನ್ನು ಹೆಚ್ಚಿಸುವ ಬಗೆ, ಅದರ ಸವೆತ, ಅದರ ಇಳಿಜಾರಿನ ಸ್ಥಿರತೆ ಕುರಿತು ಅಲ್ಲಿ ವರ್ಷಗಳಿಂದ ಅಧ್ಯಯನಗಳು ನಡೆದಿವೆ. ಇತ್ತ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಶ್ರೀಧರನ್, ಪ್ರೊ. ಟಿ.ಎಸ್. ನಾಗರಾಜ್ ಮುಂತಾದವರು ಜೇಡಿಮಣ್ಣಿನ ಸ್ವಭಾವದ ಬಗ್ಗೆ ಮಾಡಿದ ಕೆಲಸಕ್ಕೆ ಜಗತ್ತಿನ ಮನ್ನಣೆ ದೊರೆತಿದೆ. ಹಾಗಾಗಿ ಇಲ್ಲಿ ವಿದ್ಯೆಯ ಕೊರತೆ ಇದೆ ಎಂದು ಯಾರೂ ಹೇಳಲಾರರು.

ಕೊರತೆ ಇರುವುದು ವಿದ್ಯೆ ಮತ್ತು ನಿರ್ಧಾರದ ನಡುವಿನ ಕೊಂಡಿಯಲ್ಲಿ. ಡಾಕ್ಟರೇಟ್ ಪ್ರಬಂಧಗಳು ಈಗ ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದಲ್ಲಿ ದೊಡ್ಡ ಸಂಖ್ಯೆಯಲ್ಲಿ ದೊರೆಯುತ್ತವೆ. ಅವುಗಳನ್ನು ಓದಿ ಕಾಮಗಾರಿಗೆ ಇಳಿಸುವ ಹೊಣೆ ಮಾತ್ರ ಯಾರದ್ದೂ ಅಲ್ಲ. ಹೆದ್ದಾರಿಯ ವಿನ್ಯಾಸ, ಸಾಮಗ್ರಿ, ನಿರ್ಮಾಣ ಮೂರನ್ನೂ ಒಬ್ಬನೇ ಗುತ್ತಿಗೆದಾರನಿಗೆ ಒಪ್ಪಿಸುವ ಪದ್ಧತಿಯಲ್ಲಿ ಬೇಗ ಮುಗಿಸುವುದಕ್ಕೂ ಖರ್ಚು ಉಳಿಸುವುದಕ್ಕೂ ಪ್ರೋತ್ಸಾಹವಿದೆ. ಗುಡ್ಡವನ್ನು ಹೆಚ್ಚು ಓರೆಯಾಗಿ ಕಡಿದಷ್ಟೂ ಹೆಚ್ಚು ಜಮೀನು ಬೇಕು, ಹೆಚ್ಚು ಮಣ್ಣು ಸಾಗಿಸಬೇಕು. ಕಡಿದಾಗಿ ಕಡಿದರೆ ಎರಡೂ ಉಳಿತಾಯ. ಹೀಗೆ ಇಂದು ಉಳಿದ ಹಣ ಒಬ್ಬರ ಲೆಕ್ಕಕ್ಕೆ ಸೇರುತ್ತದೆ. ಐದಾರು ಮಳೆಗಾಲ ಕಳೆದ ಮೇಲೆ ಬರುವ ನಷ್ಟವನ್ನು ಹೊರುವವರು ಮಾತ್ರ ಬೇರೆ: ರಸ್ತೆಬದಿಯ ಚಹಾ ಅಂಗಡಿಯವರು, ಲಾರಿ ನಿಲ್ಲಿಸಿ ವಿಶ್ರಮಿಸಿದ ಚಾಲಕರು, ಬುಡದಲ್ಲಿ ಮನೆ ಕಟ್ಟಿಕೊಂಡವರು.

ನಮ್ಮಲ್ಲಿ ಮಾರ್ಗಸೂಚಿಗಳಿಗೇನೂ ಬರವಿಲ್ಲ. ಭೂಕುಸಿತ ನಿರ್ವಹಣೆ ಕುರಿತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ಮಾರ್ಗಸೂಚಿ ಹೊರಡಿಸಿತು. ದೇಶದ ಭೂಭಾಗದ ಶೇ 12.6ರಷ್ಟು, ಅಂದರೆ ಸುಮಾರು 4.2 ಲಕ್ಷ ಚದರ ಕಿಲೋಮೀಟರ್ ಪ್ರದೇಶ ಭೂಕುಸಿತಕ್ಕೆ ಒಳಗಾಗಬಲ್ಲದು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲೆಕ್ಕ ಹಾಕಿದೆ. ಪಶ್ಚಿಮ ಘಟ್ಟ ಅದರಲ್ಲಿ ಸೇರಿದೆ. ಸಂಸ್ಥೆಗಳು ನಕ್ಷೆ ಕೊಡುತ್ತವೆ, ಸಲಹೆ ಕೊಡುತ್ತವೆ. ಆದರೆ ಒಂದು ಗುಡ್ಡದ ಬುಡಕ್ಕೆ ಯಂತ್ರ ಹೋಗುವ ಮುನ್ನ ‘ಇದನ್ನು ಹೀಗೆ ಕಡಿಯಕೂಡದು’ ಎಂದು ತಡೆಯುವ ಅಧಿಕಾರ ಸಲಹೆಗಿಲ್ಲ. ದುರಂತವಾದ ಮೇಲೆ ತಜ್ಞರ ತಂಡ ಬರುತ್ತದೆ, ವರದಿ ಕೊಡುತ್ತದೆ. ಅಷ್ಟರಲ್ಲಿ ಮುಂದಿನ ಮಳೆಗಾಲ ಬಂದಿರುತ್ತದೆ.

ಇದು ಬದಲಾಗದ ಸ್ಥಿತಿಯೇನಲ್ಲ ಎಂಬುದಕ್ಕೆ ಹಾಂಗ್‌ಕಾಂಗ್ ಸಾಕ್ಷಿ. ಇಕ್ಕಟ್ಟಾದ ಗುಡ್ಡಗಾಡು, ಭಾರಿ ಮಳೆ, ಅವಸರದ ನಿರ್ಮಾಣ, ಎಲ್ಲವೂ ಅಲ್ಲಿದ್ದವು. 1972ರ ಜೂನ್ 18ರಂದು ಒಂದೇ ದಿನ ಎರಡು ಕುಸಿತಗಳಲ್ಲಿ 138 ಜನ ಸತ್ತರು. 1976ರಲ್ಲಿ, ಮೊದಲು ಕುಸಿದಿದ್ದ ಸಾವ್ ಮಾವ್ ಪಿಂಗ್ ಪ್ರದೇಶದಲ್ಲೇ ಮತ್ತೆ ಗುಡ್ಡ ಜಾರಿ 18 ಜೀವಗಳು ಹೋದವು. ಮರುವರ್ಷವೇ ಅಲ್ಲಿನ ಸರ್ಕಾರ ಭೂತಾಂತ್ರಿಕ ನಿಯಂತ್ರಣ ಕಚೇರಿಯನ್ನು ಸ್ಥಾಪಿಸಿತು. ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಇಳಿಜಾರಿನ ವಿನ್ಯಾಸಗಳನ್ನು ಈ ಕಚೇರಿ ಪರಿಶೀಲಿಸತೊಡಗಿತು. ಮನುಷ್ಯ ನಿರ್ಮಿತ ಇಳಿಜಾರುಗಳಿಗೆಲ್ಲ ಸಂಖ್ಯೆ ಕೊಟ್ಟು ದಾಖಲೆ ತಯಾರಿಸಿತು. ಇಂದು ಅದರಲ್ಲಿ ಸುಮಾರು 60,000 ಇಳಿಜಾರುಗಳಿವೆ. ಯಾವ ಇಳಿಜಾರಿನ ನಿರ್ವಹಣೆ ಯಾರ ಹೊಣೆ ಎಂಬುದೂ ಅಲ್ಲಿ ನಿಗದಿಯಾಗಿದೆ. ಮಳೆ ಕಡಿಮೆಯಾಗದಿದ್ದರೂ ಸಾವುಗಳು ಗಣನೀಯವಾಗಿ ಇಳಿದವು. ಪ್ರಯೋಗಾಲಯದ ತಿಳಿವಳಿಕೆಗೆ ಆಡಳಿತದ ಅಧಿಕಾರ ಸೇರಿದಾಗ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಈ ಚರ್ಚೆಯಲ್ಲಿ ಸಂಶೋಧನಾ ವಿದ್ಯಾರ್ಥಿಯನ್ನು ಮರೆಯುವಂತಿಲ್ಲ. ಜೇಡಿಮಣ್ಣಿನ ಒಂದು ಮಾದರಿ ಭಾರಕ್ಕೆ ಹೇಗೆ ಕುಗ್ಗುತ್ತದೆ ಎಂದು ತಿಳಿಯಲು ಒಂದೊಂದು ಹಂತದ ಭಾರವನ್ನು ಸಾಮಾನ್ಯವಾಗಿ 24 ಗಂಟೆ ಇರಿಸಿ ಅಳೆಯಬೇಕು. ಒಂದು ಪರೀಕ್ಷೆಗೇ ವಾರ ಹಿಡಿಯುತ್ತದೆ. ಮಾದರಿ ಕೆಟ್ಟರೆ ಮತ್ತೆ ಮೊದಲಿಂದ. ನಾಲ್ಕೈದು ವರ್ಷ ಹೀಗೆ ದುಡಿಯುವ ವಿದ್ಯಾರ್ಥಿಗೆ ಸಿಗುವ ಕಿರಿಯ ಸಂಶೋಧನಾ ಶಿಷ್ಯವೇತನವನ್ನು 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಎಂ.ಟೆಕ್. ವಿದ್ಯಾರ್ಥಿಯ ಗೇಟ್ ಶಿಷ್ಯವೇತನವಾದರೋ ದೀರ್ಘಕಾಲ 12,400 ರೂಪಾಯಿಯಲ್ಲೇ ನಿಂತಿತ್ತು. ಸಿವಿಲ್ ಪದವಿ ಮುಗಿಸಿದ ಜಾಣರು ಸಾಫ್ಟ್‌ವೇರ್ ಕಂಪನಿಗಳತ್ತ ಹೊರಟರೆ ಅವರನ್ನು ದೂರಿ ಫಲವಿಲ್ಲ. ಡಾಕ್ಟರೇಟ್ ಮುಗಿದ ಮೇಲೂ ಬೋಧನೆಯಾಚೆಗೆ ಅವರ ಪರಿಣತಿಗೆ ತಕ್ಕ ಹುದ್ದೆಗಳು ನಮ್ಮ ಇಲಾಖೆಗಳಲ್ಲಿ ಅಪರೂಪ. ಅತ್ಯುತ್ತಮ ಪ್ರಬಂಧಕ್ಕೆ ಪದಕ ಕೊರಳಿಗೆ ಬೀಳುವ ದಿನವೇ ಆ ಪ್ರಬಂಧದ ಸಾರ್ವಜನಿಕ ಬದುಕು ಮುಗಿಯುವುದಾದರೆ, ಪ್ರಶಸ್ತಿ ಬೀಳ್ಕೊಡುಗೆಯ ಹಾರವಾಗಿಬಿಡುತ್ತದೆ.

ಪ್ರಶಸ್ತಿಗಳ ಮಾನದಂಡವೂ ವಿಚಾರಾರ್ಹ. ವಿಶ್ವವಿದ್ಯಾಲಯಗಳಲ್ಲಿ ಬಡ್ತಿ, ಮನ್ನಣೆಗಳೆಲ್ಲ ಬಹುಪಾಲು ಪ್ರಕಟಿತ ಲೇಖನಗಳ ಸಂಖ್ಯೆಯನ್ನು ಅವಲಂಬಿಸಿವೆ. ಒಂದು ಬೆಟ್ಟದ ಬುಡದಲ್ಲಿ 17 ವರ್ಷ ನಿಂತು ನೋಡುವ ಕೆಲಸದಿಂದ ಲೇಖನಗಳು ಬೇಗ ಹುಟ್ಟುವುದಿಲ್ಲ. ತನ್ನದೇ ಜಿಲ್ಲೆಯ ಗುಡ್ಡಗಳ ಮಣ್ಣನ್ನು ಪರೀಕ್ಷಿಸಿ ಪಟ್ಟಿ ಮಾಡುವ ವಿದ್ಯಾರ್ಥಿಯ ಶ್ರಮಕ್ಕೆ ವಿದೇಶಿ ನಿಯತಕಾಲಿಕಗಳಲ್ಲಿ ‘ಹೊಸತನ’ ಇಲ್ಲದೆ ಹೋಗಬಹುದು. ಆದರೆ ಆ ಗುಡ್ಡದ ಕೆಳಗಿನ ಶಾಲೆಗೆ ಅದಕ್ಕಿಂತ ಉಪಯುಕ್ತವಾದ ಸಂಶೋಧನೆ ಬೇರೊಂದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಸರ್ಕಾರಿ ಹಣದಿಂದ ನಡೆಯುವ ಪ್ರತಿ ರಸ್ತೆ, ಸೇತುವೆ, ಕಟ್ಟಡಕ್ಕೂ ಮುನ್ನ ನೆಲ ಕೊರೆದು ಮಣ್ಣು ಪರೀಕ್ಷಿಸಲಾಗುತ್ತದೆ. ಆ ವರದಿಗಳು ಕಾಮಗಾರಿಯ ಕಡತದೊಳಗೇ ಉಳಿಯುತ್ತವೆ. ಬ್ರಿಟನ್‌ನ ಭೂವೈಜ್ಞಾನಿಕ ಸಂಸ್ಥೆ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಕರ್ನಾಟಕವೂ ಅಂಥ ಭಂಡಾರವೊಂದನ್ನು ಕಟ್ಟಬಹುದು. ಇದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ, ಒಂದು ಆದೇಶ.

ಎರಡನೆಯದಾಗಿ, ಕರಾವಳಿ ಮತ್ತು ಘಟ್ಟದ ರಸ್ತೆಗಳ ಪಕ್ಕದಲ್ಲಿ ಈಗಾಗಲೇ ಕಡಿದು ನಿಲ್ಲಿಸಿರುವ ಇಳಿಜಾರುಗಳ ಪಟ್ಟಿಯಾಗಬೇಕು; ಪ್ರತಿಯೊಂದಕ್ಕೂ ಹೊಣೆಗಾರ ಇಲಾಖೆ ಯಾವುದೆಂದು ನಮೂದಾಗಬೇಕು. ಎನ್‌ಐಟಿಕೆ, ವಿಜ್ಞಾನ ಸಂಸ್ಥೆ ಮತ್ತು ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಸಿಗದು. ಮೂರನೆಯದಾಗಿ, ನಿಗದಿತ ಎತ್ತರ ಮೀರಿದ ಯಾವ ಗುಡ್ಡವನ್ನೇ ಕಡಿಯುವುದಿದ್ದರೂ, ಗುತ್ತಿಗೆದಾರನಿಗೆ ಸಂಬಂಧಿಸಿರದ ತಜ್ಞರ ಒಪ್ಪಿಗೆ ಕಡ್ಡಾಯವಾಗಬೇಕು. ಕೆಲಸ ಮುಗಿದ ಮೇಲೂ ಕೆಲವು ಮಳೆಗಾಲ ಆ ಇಳಿಜಾರಿನ ಚಲನೆ, ಅಂತರ್ಜಲದ ಮಟ್ಟ ಅಳೆಯುವ ಏರ್ಪಾಡು ಒಪ್ಪಂದದ ಭಾಗವಾಗಿರಬೇಕು. ಲೋಕೋಪಯೋಗಿ ಇಲಾಖೆಯಲ್ಲಿ ಈ ವಿದ್ಯೆಯಲ್ಲಿ ಪರಿಣತರಾದವರಿಗೇ ಮೀಸಲಾದ ಘಟಕವೊಂದು ಇಲ್ಲದೆ ಇದಾವುದೂ ನಡೆಯದು.

ಇದರಿಂದ ಅಭಿವೃದ್ಧಿ ನಿಧಾನವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಕರಾವಳಿಗೆ ಒಳ್ಳೆಯ ರಸ್ತೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆಂಬುಲೆನ್ಸ್ ಬೇಗ ಆಸ್ಪತ್ರೆ ತಲುಪಬೇಕು, ಮೀನು ಕೆಡುವ ಮೊದಲು ಮಾರುಕಟ್ಟೆ ಸೇರಬೇಕು. ಆದರೆ ಶಿರೂರಿನ ಕುಸಿತದ ನಂತರ ಅದೇ ಹೆದ್ದಾರಿಯಲ್ಲಿ ಸಂಚಾರವೇ ನಿಂತು ಹೋಯಿತು. ಮಳೆಯ ಸ್ವರೂಪ ಬದಲಾಗಿದೆ, ಅಲ್ಪಾವಧಿಯಲ್ಲಿ ಅತಿಯಾಗಿ ಸುರಿಯುತ್ತಿದೆ ಎಂಬುದು ಇನ್ನೊಂದು ವಾದ. ಅದು ನಿಜವೇ ಇದ್ದರೂ, ಹೊಸ ಮಳೆಗೆ ಹಳೆಯ ವಿನ್ಯಾಸ ಸಾಲದು ಎಂಬ ತೀರ್ಮಾನಕ್ಕೇ ಅದು ನಮ್ಮನ್ನು ಒಯ್ಯುತ್ತದೆಯೇ ಹೊರತು, ಹೊಣೆಯಿಂದ ಬಿಡುಗಡೆ ಮಾಡುವುದಿಲ್ಲ.

ಚೆನಾಬ್ ಕಣಿವೆಯಲ್ಲಿ ದೇಶದ ಪ್ರತಿಷ್ಠೆ ಪಣಕ್ಕಿತ್ತು. ಆದ್ದರಿಂದ ಅಲ್ಲಿ ಬಂಡೆಯ ಮಾತನ್ನು ತಾಳ್ಮೆಯಿಂದ ಕೇಳಲಾಯಿತು, ವಿನ್ಯಾಸ ಬದಲಿಸಲಾಯಿತು, ವರ್ಷಗಳು ಹಿಡಿದರೂ ಸಹಿಸಲಾಯಿತು. ಹೊನ್ನಾವರ, ಕುಮಟಾ, ಮಡಿಕೇರಿ, ಸಕಲೇಶಪುರಗಳ ರಸ್ತೆಬದಿಯ ಗುಡ್ಡಗಳಿಗೆ ಅಂಥ ಪ್ರತಿಷ್ಠೆ ಇಲ್ಲ. ಅವುಗಳ ಕೆಳಗೆ ಬದುಕುವವರ ಜೀವ ಮಾತ್ರ ಅಷ್ಟೇ ಬೆಲೆಯುಳ್ಳದ್ದು. ತನ್ನನ್ನು ಪ್ರಸಿದ್ಧಗೊಳಿಸಬೇಡಿ ಎಂದ ವಿಜ್ಞಾನಿಗೆ ನಾವು ತೋರಬಹುದಾದ ನಿಜವಾದ ಗೌರವವೆಂದರೆ, ಅವರ ವಿದ್ಯೆಯನ್ನು ಸನ್ಮಾನದ ವೇದಿಕೆಯಿಂದ ಇಳಿಸಿ, ಟೆಂಡರ್‌ನ ಷರತ್ತುಗಳಲ್ಲಿ ಸೇರಿಸುವುದು.